ಕಾರಿನ ಎಡಬಾಗಿಲು

ನಮ್ಮ ಕಾರಿನ ಎಡಗಡೆ ಮುಂದಿನ ಬಾಗಿಲು ಇಳಿದುಹೋಗಿತ್ತು. ತೆರೆದರೆ ಎರಡು ಬೆರಳಿನಷ್ಟು ಕೆಳಕ್ಕೆ ಕುಸಿಯುತ್ತಿತ್ತು. ಮುಚ್ಚಬೇಕೆಂದರೆ ಹಿಡಿಯಿಂದ ಎತ್ತಿ, ಮೊಣಕಾಲು ಕೊಟ್ಟು, ಧಡ್ಡೆಂದು ಬಡಿಯಬೇಕು. ಒಂದೇ ಸಲಕ್ಕೆ ಕೂತರೆ ನನ್ನ ಪುಣ್ಯ. ಹದಿನೇಳು ವರ್ಷದ ಹಳೇ ಕಾರು. ನೆತ್ತಿಯ ಮೇಲೊಂದು ಕ್ಯಾರಿಯರ್, ಒಳಗೆ ಯಾವಾಗಲೂ ತೆಂಗಿನ ನಾರಿನ ಪುಡಿ. ಇಷ್ಟು ದಿನ ಬಾಳಿದ್ದೇ ಹೆಚ್ಚು ಎಂದು ಬೇರೆ ಯಾರಾದರೂ ಸುಮ್ಮನಾಗುತ್ತಿದ್ದರು. ನನಗೆ ಸುಮ್ಮನಿರುವುದು ಹುಟ್ಟಿದಾಗಿನಿಂದ ಬಂದಿಲ್ಲ.

ಅದು ಅವ್ವ ಹತ್ತುವ ಬಾಗಿಲು. ಅವಳಿಗೆ ಎರಡೂ ಮಂಡಿ ನೋವು. ತೆರೆದ ಬಾಗಿಲಿನ ಅಂಚನ್ನು ಗಟ್ಟಿಯಾಗಿ ಹಿಡಿದು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಮೆಲ್ಲಗೆ ಸೀಟಿಗೆ ಇಳಿಯುತ್ತಾಳೆ. ಅವಳ ತಂಗಿ, ಅಂದರೆ ನನ್ನ ಚಿಕ್ಕಮ್ಮ, ಹಂದನಕೆರೆಯಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದಳು. ನೋಡಿಕೊಂಡು ಬರೋಣವೆಂದು ಹೊರಟ ದಿನ ಅವ್ವ ಅಂಚು ಹಿಡಿದಿದ್ದೇ ತಡ, ಬಾಗಿಲು ದಡಕ್ಕನೆ ಇಳಿಯಿತು. ಅವ್ವ ಮುಗ್ಗರಿಸಿದಳು. ಹೇಗೋ ಸೀಟಿನ ಅಂಚು ಸಿಕ್ಕಿತು, ಕೂತಳು. ಪೆಟ್ಟೇನೂ ಆಗಲಿಲ್ಲ.

ನನಗೆ ಜೀವ ಬಾಯಿಗೆ ಬಂದಿತ್ತು. ಹೆದರಿಕೆಯಾದಾಗ ನನ್ನ ಬಾಯಿಂದ ಹೊರಡುವುದು ಮಾತ್ರ ಕೋಪ. “ದಿನಾ ಹಿಂಗೆ ಜೋತುಬಿದ್ದು ಜೋತುಬಿದ್ದು ಡೋರು ಇಳಿಸಿಬುಟ್ಟೆ ಕಣವ್ವ,” ಎಂದು ಅಕ್ಕಪಕ್ಕದ ಮನೆಗೆಲ್ಲ ಕೇಳುವಂತೆ ಅಂದೆ. ಅವ್ವ ಮೆಲ್ಲಗೆ ಇಳಿದು ಹೋಗಿ ಜಗಲಿಯ ಮೇಲೆ ಕೂತಳು. ಮಂಡಿ ನೋವು ಕಮ್ಮಿಯಾದ ಮೇಲೆ ಹೋದರಾಯಿತು ಎಂದಳು.

ಮೂರು ವಾರವಾದರೂ ಮಂಡಿ ನೋವು ಕಮ್ಮಿಯಾಗಲಿಲ್ಲ. ಆಗುವುದೂ ಇಲ್ಲ, ಅದು ಹತ್ತು ವರ್ಷದ ನೋವು. ಚಿಕ್ಕಮ್ಮ ದಿನಾ ಫೋನು ಮಾಡಿ ಅಕ್ಕ ಯಾವಾಗ ಬರುತ್ತಾಳೆ ಎಂದು ಕೇಳುತ್ತಿದ್ದಳು. ಬಸ್ಸಿನ ಮೆಟ್ಟಿಲು ಅವ್ವನಿಂದ ಆಗದ ಮಾತು. ಆಟೋ ತರುತ್ತೇನೆಂದರೆ ಬೇಡವೆಂದಳು, ಬೇರೆಯವರ ಕಾರೂ ಬೇಡವೆಂದಳು. ನಾನಾಡಿದ ಮಾತೇ ಚುಚ್ಚಿದೆ ಎಂದು ನನಗೆ ಗೊತ್ತಿತ್ತು. ಹಾಗೆಂದು ಎದುರಿಗೆ ಹೋಗಿ ತಪ್ಪಾಯಿತು ಎನ್ನುವ ಪೈಕಿಯೇ ನಾನು? ಅಲ್ಲ. ಬಾಗಿಲು ಸರಿಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

ತೋಟದಲ್ಲಿ ಕಾಯಿ ಕೀಳಿಸುತ್ತಿದ್ದರೂ ಮನಸ್ಸೆಲ್ಲ ಬಾಗಿಲಲ್ಲೇ. ಗಳಿಗೆಗೊಮ್ಮೆ ಹೋಗಿ ತೆರೆಯುವುದು, ಮುಚ್ಚುವುದು. ಕೊಬ್ಬರಿ ಆಗಿದೆಯೇ ಎಂದು ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತೇವಲ್ಲ, ಹಾಗೆ ಬಾಗಿಲನ್ನು ಅಲ್ಲಾಡಿಸಿ ಸದ್ದು ಕೇಳುತ್ತಿದ್ದೆ. ಕೊನೆಗೆ ತಡೆಯಲಾರದೆ ನಾನೇ ಜಾಕು ತಂದೆ. ಬಣ್ಣ ಕೀಳದಿರಲೆಂದು ಜಾಕಿನ ತಲೆಯ ಮೇಲೆ ಕಾಯಿ ಸುಲಿದ ದಪ್ಪ ಮಟ್ಟೆಯೊಂದನ್ನಿಟ್ಟು, ಬಾಗಿಲಿನ ಅಡಿಗೆ ಕೊಟ್ಟು ತಿರುಗಿಸಿದೆ. ಮೊದಲೇ ಡಿಸ್ಕ್ ಜರುಗಿದ್ದ ನನ್ನ ಬೆನ್ನು ಅಷ್ಟಕ್ಕೇ ಚಳಕ್ ಅಂದಿತು. ಹಲ್ಲು ಕಚ್ಚಿಕೊಂಡು ಜಾಕು ನಾಲ್ಕು ಬೆರಳು ಏರುವ ತನಕ ತಿರುಗಿಸಿದೆ. ಗೆದ್ದೆ ಎಂದುಕೊಂಡು ಜಾಕು ತೆಗೆದರೆ ಬಾಗಿಲು ಮೊದಲಿದ್ದಲ್ಲೇ ಇತ್ತು. ಜಾಕು ಏರಿದ್ದಷ್ಟನ್ನೂ ಮಟ್ಟೆಯೇ ನುಂಗಿ ಚಪ್ಪಟೆಯಾಗಿತ್ತು. ಕಾಯಿ ಕೀಳಲು ಬಂದವರು ನಗದೆ ಮುಖ ತಿರುಗಿಸಿಕೊಂಡಿದ್ದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ಮಾರನೇ ದಿನ ಬೆಳಗ್ಗೆಯೇ ತಿಪಟೂರಿನ ಟಿಂಕರಿಂಗ್ ಅಂಗಡಿಗೆ ಹೋದೆ. ಅಲ್ಲಿದ್ದದ್ದು ಅರವತ್ತು ದಾಟಿದ ಒಬ್ಬನೇ ಮೆಕ್ಯಾನಿಕ್. ಟೀ ಕುಡಿದು, ಲೋಟ ತೊಳೆದಿಟ್ಟು, ಆಮೇಲೆ ಎದ್ದ. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಮ್ಮವ್ವ ಇದನ್ನೇ ಹಿಡಿದು ಹತ್ತುತ್ತಾಳೆ, ಜೋತುಬಿದ್ದು ಇಳಿಸಿದ್ದಾಳೆ ಎಂದು ಅವನು ಕೇಳದೆಯೇ ಹೇಳಿದೆ. ಅವನು ಬಾಗಿಲನ್ನು ಎರಡು ಸಲ ಎತ್ತಿ ಇಳಿಸಿದ. ಬಾಗಿಲನ್ನು ಕಾರಿಗೆ ಹಿಡಿದಿರುವ ಹಿಂಜುಗಳ ಹತ್ತಿರ ಕಣ್ಣಿಟ್ಟು ನೋಡಿದ. ಆಮೇಲೆ ಬಾಗಿಲಿನ ಮೇಲಂಚಿನ ಮೇಲೆ ನಿಧಾನವಾಗಿ ಬೆರಳಾಡಿಸಿದ. ಅಲ್ಲಿ ಒಂದು ಗೇಣಿನಷ್ಟುದ್ದ ಬಣ್ಣ ಸವೆದು ತಗಡು ಹೊಳೆಯುತ್ತಿತ್ತು. ಗಾಜಿನ ಪಕ್ಕದ ರಬ್ಬರಿನ ಸಂದಿಯಿಂದ ಏನನ್ನೋ ಉಗುರಿನಲ್ಲಿ ಕಿತ್ತು ನನ್ನ ಅಂಗೈಗೆ ಹಾಕಿದ. ಗೋಣಿಚೀಲದ ನಾರು.

“ನಿಮ್ಮವ್ವನ ಕೈಯ ಕೆಲ್ಸ ಅಲ್ಲ ಕಣ್ರೀ ಇದು. ಮೂಟೆ ಹೊತ್ತಿರೋ ಡೋರು,” ಎಂದ.

ನಾನು ಅಂಗೈ ನೋಡುತ್ತಾ ನಿಂತೆ. ಎರಡು ವರ್ಷದ ಹಿಂದೆ ಡಿಸ್ಕ್ ಜರುಗಿದಾಗ ಡಾಕ್ಟರು ಭಾರ ಎತ್ತಕೂಡದು ಎಂದಿದ್ದರು. ಎತ್ತದೆ ನನಗೆಲ್ಲಿ ಸಮಾಧಾನ? ಅದಕ್ಕೇ ಒಂದು ಉಪಾಯ ಮಾಡಿಕೊಂಡಿದ್ದೆ. ತೋಟದಲ್ಲಿ ಕಾಯಿ ಮೂಟೆಯನ್ನು ಮೊದಲು ತೆರೆದ ಬಾಗಿಲಿನ ಮೇಲೆ ಒರಗಿಸಿ, ಉಸಿರು ತಗೊಂಡು, ಅಲ್ಲಿಂದ ಕ್ಯಾರಿಯರಿಗೆ ತಳ್ಳುವುದು. ಮನೆಯ ಮುಂದೆ ಇಳಿಸುವಾಗಲೂ ಅದೇ ದಾರಿ: ಕ್ಯಾರಿಯರಿನಿಂದ ಬಾಗಿಲಿಗೆ, ಬಾಗಿಲಿನಿಂದ ಹೆಗಲಿಗೆ, ಅಲ್ಲಿಂದ ಕೊಬ್ಬರಿ ಅಟ್ಟಕ್ಕೆ. ಬೆನ್ನಿಗೆ ಅರ್ಧ ಭಾರ ಉಳಿಯಿತು ಎಂದು ನನ್ನ ಬುದ್ಧಿಗೆ ನಾನೇ ಹಿಗ್ಗಿದ್ದೆ. ಉಳಿದ ಅರ್ಧ ಯಾರು ಹೊರುತ್ತಿದ್ದಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅಂಗಡಿಯ ಮುಂದೆ ನಿಂತು ನನಗೆ ನಾಚಿಕೆಯಾಯಿತು, ಬಾಗಿಲಿನ ವಿಷಯಕ್ಕಲ್ಲ.

ಮೆಕ್ಯಾನಿಕ್ ಜಾಕಿನ ಮೇಲೆ ಮರದ ತುಂಡು, ಅದರ ಮೇಲೆ ನಾಲ್ಕು ಮಡಿಕೆ ಚೀಲ ಇಟ್ಟು ಬಾಗಿಲಿಗೆ ಆಸರೆ ಕೊಟ್ಟ. ಹಿಂಜಿನ ಸವೆದ ಪಿನ್ನು ಬಡಿದು ತೆಗೆದು ಹೊಸದು ಹಾಕಿದ. ಬೋಲ್ಟುಗಳನ್ನು ಸಡಿಲ ಮಾಡಿ, ಜಾಕು ಕೂದಲೆಳೆಯಷ್ಟು ಏರಿಸಿ, ಸಂದು ನೋಡಿ, ಮತ್ತೆ ಬಿಗಿದ. ಮುಚ್ಚಿ ನೋಡಿ ತಲೆಯಾಡಿಸಿದ, ಮತ್ತೆ ಸಡಿಲ ಮಾಡಿದ. ಐದು ಸಲ ಹೀಗೇ ಆಯಿತು. ನಾನು ರಸ್ತೆಯವರೆಗೆ ಹೋಗಿ ಬರುವುದು, ಗಡಿಯಾರ ನೋಡುವುದು. ಕೊನೆಗೆ ಅವನು ಒಂದೇ ಬೆರಳಿನಲ್ಲಿ ತಳ್ಳಿದ. ಟಕ್ ಎಂದು ಬಾಗಿಲು ಕೂತಿತು.

ಮನೆಗೆ ಬಂದವನೇ ಹಂದನಕೆರೆಗೆ ಹೊರಡು ಎಂದೆ. ಅವ್ವ ಕಾರಿನ ಹತ್ತಿರ ಬಂದಳು, ಬಾಗಿಲು ಮಾತ್ರ ಮುಟ್ಟಲಿಲ್ಲ. ಸೆರಗು ಹಿಡಿದು ನಿಂತಳು.

“ಹಿಡ್ಕೊ ಅವ್ವ,” ಎಂದೆ. ಅವಳು ಹಿಡಿಯಲಿಲ್ಲ. ಕೊನೆಗೆ ಬಾಯಿಬಿಟ್ಟು ಹೇಳಿದೆ. “ಡೋರು ಇಳಿಸಿದ್ದು ನೀನಲ್ಲ. ನಾನೇ ಮೂಟೆ ಒರಗಿಸಿ ಇಳಿಸಿದ್ದು. ಸುಮ್ಮನೆ ನಿನ್ನ ಬೈದೆ.”

“ಗೊತ್ತು ಕಣಪ್ಪ,” ಎಂದಳು. “ಜಗಲಿ ಮೇಲೆ ಕೂತು ದಿನಾ ನೋಡ್ತಿರ್ಲಿಲ್ವ?”

ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳುವಾಗಲೂ ದನಿಯಲ್ಲಿ ಸಿಟ್ಟಿತ್ತು, ದರಿದ್ರದ ಅಭ್ಯಾಸ.

“ಹೇಳಿದ್ರೆ ನೀನು ಡೋರಿಗೆ ಕೊಡೋ ಭಾರನೂ ಬೆನ್ನಿಗೇ ಕೊಡ್ತಿದ್ದೆ. ಡೋರಾದ್ರೆ ರಿಪೇರಿ ಆಯ್ತದೆ,” ಎಂದಳು. ಮಂಡಿ ಒತ್ತಿಕೊಂಡು, “ಯಾವ ಗಾಡಿ ಹತ್ತಕ್ಕೋಗಿ ನಾನೂ ಬಿದ್ದಿದ್ರೂ ನೀನೇ ಎತ್ತಬೇಕಿತ್ತಲ್ಲಪ್ಪ. ಅದಕ್ಕೇ ಹೊರಡಲಿಲ್ಲ,” ಎಂದಳು.

ಮೂರು ವಾರ ತಂಗಿಯ ಮುಖ ನೋಡದೆ ಕೂತಿದ್ದು ನನ್ನ ಮೇಲಿನ ಕೋಪಕ್ಕಲ್ಲ, ನನ್ನ ಬೆನ್ನಿಗಾಗಿ. ನನಗೆ ಅಲ್ಲೇ ಕಣ್ಣು ತುಂಬಿತು. ಅವ್ವ ಅದನ್ನು ನೋಡದವಳಂತೆ ಅಂಚು ಹಿಡಿದು ಸೀಟಿಗೆ ಇಳಿದಳು. ಬಾಗಿಲು ಅಲುಗಲಿಲ್ಲ.

ದಾರಿಯುದ್ದಕ್ಕೂ ನನ್ನ ಕಿವಿ ಎಡಗಡೆಗೇ ಇತ್ತು. ಪ್ರತಿ ಗುಂಡಿಗೂ ಏನಾದರೂ ಸದ್ದು ಬರುತ್ತದೆ ಎಂದು ಕಾಯುತ್ತಿದ್ದೆ, ಬರಲಿಲ್ಲ. ಹಂದನಕೆರೆಯಲ್ಲಿ ಚಿಕ್ಕಮ್ಮನ ಮನೆ ಮುಂದೆ ನಿಲ್ಲಿಸಿದವನೇ ಸುತ್ತಿ ಓಡಿ ಬಂದು ಬಾಗಿಲು ತೆರೆದೆ, ಅಡಿಯಿಂದ ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಅವ್ವ ಮೇಲಂಚು ಹಿಡಿದು ಎದ್ದು ನಿಂತಳು. ಬಗ್ಗಿದ್ದ ನನ್ನ ಬೆನ್ನಿನ ಮೇಲೆ ಒಂದು ಗಳಿಗೆ ಕೈಯಿಟ್ಟಳು, ಭಾರ ಬಿಡದೆ.

“ಬುಡಪ್ಪ, ಅದೇ ನಿಂತ್ಕಂಡದೆ,” ಎಂದು ಒಳಗೆ ನಡೆದಳು.