ರೊಟ್ಟಿಯ ಚೂರು ಮತ್ತು ಕರಾರಿನ ಒಂದು ಸಾಲು

ಒಂದು ಚೂರು ರೊಟ್ಟಿಯ ಮೇಲೆ ಹೊಟ್ಟೆಕಿಚ್ಚುಪಟ್ಟವಳು ನಾನು. ಈ ವಯಸ್ಸಿಗೆ ಜೆಲಸಿ ಶೋಭಿಸುವುದಿಲ್ಲವೆಂದು ಗೊತ್ತು. ಮೊಣಕಾಲುನೋವೂ ಶೋಭಿಸುವುದಿಲ್ಲ, ಎರಡನ್ನೂ ಸಾಕಿಕೊಂಡಿದ್ದೇನೆ.

ಖೂಬಾ ಪ್ಲಾಟ್ ಬಡಾವಣೆಯಲ್ಲಿ ನನ್ನದೂ ನಾದಿನಿ ಇಂದೂದೂ ಸೇರಿ ಕಟಕರೊಟ್ಟಿ, ಶೇಂಗಾಚಟ್ನಿಯ ಸಣ್ಣ ಅಂಗಡಿ. ಅವಳು ದಿನಾ ಬೆಳಿಗ್ಗೆ ಕಮಲಾಪುರದಿಂದ ಬಸ್ಸಿನಲ್ಲಿ ರೊಟ್ಟಿಬುಟ್ಟಿ ತರುತ್ತಾಳೆ. ನಾನು ಕೌಂಟರಿನಲ್ಲಿ ಕೂತು ಲೇಬಲ್ ಅಂಟಿಸುತ್ತೇನೆ, ಒಂದು ಸ್ಪೆಲಿಂಗೂ ತಪ್ಪಿಲ್ಲದೆ. ಗಿರಾಕಿ ಬಂದೊಡನೆ ಇಂದೂ ರೊಟ್ಟಿಯ ಚೂರಿಗೆ ಚಟ್ನಿ, ಎಣ್ಣೆ ಹಚ್ಚಿ ಅಂಗೈಗೆ ಹಾಕುವಳು. ಅವರು ಅಗಿಯುವಷ್ಟರಲ್ಲಿ ಮಗಳ ಬಾಣಂತನ, ಅತ್ತೆಯ ಕಣ್ಣಿನ ಆಪರೇಷನ್ ಎಲ್ಲ ವಿಚಾರಿಸಿ ಮುಗಿಸುವಳು. ಹೀಗಾಗಿ ಅವಳು ಎಲ್ಲರಿಗೂ ಮೌಶಿ, ಅಂದರೆ ಚಿಕ್ಕಮ್ಮ; ನಾನು ಮೇಡಂ. ಮೌಶಿ ಇಲ್ಲದಾಗ ಬಂದವರು ಆಮೇಲೆ ಬರುತ್ತೇವೆಂದು ಹೊರಟುಬಿಡುತ್ತಾರೆ, ನಾನೇನು ಅಂಗಡಿಯ ಕ್ಯಾಲೆಂಡರೋ ಎಂಬಂತೆ.

ನಮ್ಮಿಬ್ಬರ ಮೊಣಕಾಲುಗಳೂ ಒಟ್ಟಿಗೇ ರಾಜೀನಾಮೆ ಕೊಟ್ಟಾಗ ಅಂಗಡಿಯನ್ನು ಮೋಮಿನಪುರದ ಶಾಹೀನಳಿಗೆ ಮಾರುವುದೆಂದಾಯಿತು. ಕರಾರು ಇಂಗ್ಲಿಷಿನಲ್ಲಿತ್ತು. ಎರಡು ತಿಂಗಳಿಗೆ ಹ್ಯಾಂಡೋವರ್; ಅಲ್ಲಿಯವರೆಗೆ ನಾವು ವ್ಯಾಪಾರವನ್ನು ‘ಆರ್ಡಿನರಿ ಕೋರ್ಸ್ ಆಫ್ ಬಿಸಿನೆಸ್’ನಲ್ಲೇ ನಡೆಸತಕ್ಕದ್ದು, ತಪ್ಪಿದರೆ ಅವಳು ಕರಾರು ಬಿಡಬಹುದು.

ಕಾನ್ವೆಂಟಿನಲ್ಲಿ ಸಿಸ್ಟರ್ ಡಿಕ್ಷನರಿ ಬಾಯಿಪಾಠ ಮಾಡಿಸಿದ ಕಾಲದವಳು ನಾನು. ಆರ್ಡಿನರಿ ಎಂದರೆ ಸಾಮಾನ್ಯ. ಸಾಮಾನ್ಯವಾಗಿ ಯಾವ ಅಂಗಡಿಯವರು ಬಂದವರಿಗೆಲ್ಲ ಪುಕ್ಕಟೆ ತಿನ್ನಿಸುತ್ತಾರೆ? ಚೂರು ಕೊಡುವುದೂ ಹರಟೆಯೂ ಕಾನೂನಿನ ಪ್ರಕಾರ ಬಂದ್ ಎಂದು ಇಂದೂಗೆ ಗಂಭೀರವಾಗಿ ತಿಳಿಸಿದೆ.

“ನೀವು ಓದಿದವರು ವೈನಿ, ನಿಮಗ ತಿಳೀತದ,” ಎಂದಳು. ಮರುದಿನದಿಂದ ಬಸ್ ಕಂಡಕ್ಟರನ ಕೈಯಲ್ಲಿ ಬುಟ್ಟಿ ಮಾತ್ರ ಬರತೊಡಗಿತು, ಇಂದೂ ಬರಲಿಲ್ಲ.

ಸುಳ್ಳೇಕೆ ಹೇಳಲಿ, ಎರಡು ದಿನ ಅವಳ ಸ್ಟೂಲಿನ ಮೇಲೆ ಕೂತು ಸುಖಪಟ್ಟೆ. ಮೂರನೆಯ ದಿನದಿಂದ ಬಂದವರೆಲ್ಲ “ಮೌಶಿ ಎಲ್ಲ್ಯಾರ್ರೀ?” ಎಂದು ಕೇಳಿ ಬರಿಗೈಲಿ ತಿರುಗಿದರು. ಎರಡನೆಯ ವಾರಕ್ಕೆ ರೊಟ್ಟಿ ಉಳಿಯತೊಡಗಿತು. ಸುದ್ದಿ ತಿಳಿದು ಶಾಹೀನ್ ತನ್ನ ವಕೀಲರೊಂದಿಗೆ ಬಂದಳು.

“ಮೇಡಂ, ನಾ ತಗೊಳ್ಳಾಕತ್ತಿದ್ದು ನಾಕು ಗ್ವಾಡಿ ಅಲ್ರೀ. ಚೂರು ತಿಂದ ಬಾಯಿ ತಿರುಗಿ ಬರ್ತದಲ್ಲ, ಅದು. ಅದs ಇಲ್ಲಂದ್ರ ನನಗ ಬ್ಯಾಡ.”

ವಕೀಲರು ಒಳ್ಳೆಯ ಮೇಷ್ಟರಂತೆ ವಿವರಿಸಿದರು. ಈ ಸಾಲು ಲೋಕದ ಎಲ್ಲ ಅಂಗಡಿಗಳ ರೂಢಿಯನ್ನಷ್ಟೇ ನೋಡುವುದಿಲ್ಲವಂತೆ. ಈ ಅಂಗಡಿ ಇದುವರೆಗೆ ಹೇಗೆ ನಡೆದುಬಂದಿದೆ ಎಂಬುದನ್ನು ಮುಖ್ಯವಾಗಿ ನೋಡುತ್ತದೆಯಂತೆ. ಬಟ್ಟೆಯವನು ಥಾನು ಬಿಚ್ಚಿ ಹರಡಿದರೆ ಅದು ಅವನ ನಿತ್ಯದ ವ್ಯವಹಾರ. ಔಷಧಿಯವನು ಬಾಟಲಿ ಬಿಚ್ಚಿ ರುಚಿ ತೋರಿಸಿದರೆ ಅಲ್ಲ. ಚೂರು ಕೊಟ್ಟದ್ದು ತಪ್ಪಲ್ಲ ಮೇಡಂ, ನಿಲ್ಲಿಸಿದ್ದು ತಪ್ಪು ಎಂದರು. ಸಿಸ್ಟರ್ ಇದ್ದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಹ್ಯಾಂಡೋವರಿಗೆ ಒಂದೂವರೆ ತಿಂಗಳಷ್ಟೇ ಉಳಿದಿತ್ತು. ಒಂದು ವಾರದಲ್ಲಿ ಎಲ್ಲ ಮೊದಲಿನಂತಾದರೆ ಸರಿ ಎಂದು ಹೇಳಿ ಶಾಹೀನ್ ಎದ್ದಳು.

ಕಮಲಾಪುರಕ್ಕೆ ಹೋದೆ. ಇಂದೂ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ತೊಳೆದು, ಒಂದು ಕೆಂಪು ಬಾಳೆಹಣ್ಣು ನನ್ನ ಕೈಗಿಟ್ಟು, ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಮನೆಗೆ ಬಂದವರ ಬಾಯಿಗೆ ಏನಾದರೂ ಬೀಳದೆ ಅವಳು ಮಾತೇ ಶುರುಮಾಡುವುದಿಲ್ಲ. ಅರ್ಧ ಹಣ್ಣು ಮುಗಿದ ಮೇಲೆ ಕೇಳಿದಳು:

“ಈಗೇನಂತದ ವೈನಿ, ನಿಮ್ಮ ಕಾಗದ?”

“ಕಾಗದದಾಗ ಹಂಗ ಇದ್ದಿದ್ದಿಲ್ಲ ಇಂದೂ. ನನ್ನ ಹೊಟ್ಯಾಗ ಇತ್ತು.”

“ಅದು ನನಗ ಅವತ್ತs ಗೊತ್ತಿತ್ತು. ಹಣ್ಣು ತಿನ್ರಿ.”

ಮರುದಿನ ಬೆಳಿಗ್ಗೆ ಇಂದೂ ತನ್ನ ಸ್ಟೂಲಿನ ಮೇಲಿದ್ದಳು. ಕೆಲಸ ಕಲಿಯಲೆಂದು ಶಾಹೀನ್ ಪಕ್ಕದಲ್ಲಿ ನಿಂತಿದ್ದಳು. ಮೊದಲ ಗಿರಾಕಿ ಎರಡು ಚೂರು ತಿಂದು, ಮಗನ ಲಗ್ನದ ಮಾತುಕತೆ ಮುರಿದ ಕಥೆಯನ್ನೆಲ್ಲ ಹೇಳಿ, ಮೂರು ಕಟ್ಟು ರೊಟ್ಟಿ ಒಯ್ದರು. ಹೋಗುವಾಗ “ಬರ್ತೀನ್ರೀ ಮೌಶಿ” ಎಂದರು. ನನ್ನ ಕಡೆ ಬರೀ ತಲೆಯಾಡಿಸಿದರು.

ಒಳಗೆ, ಅದೇ ಹಳೆಯ ಜಾಗದಲ್ಲಿ, ಹೊಟ್ಟೆಕಿಚ್ಚು ಚುರ್ ಎಂದಿತು. ಎಲ್ಲ ಸರಿ ನಡೆದಿದೆಯೇ ಎಂದು ಶಾಹೀನ್ ಕೇಳಿದಳು. ಮುಂದಿನ ಲೇಬಲನ್ನು ಅಂಟಿಸುತ್ತ, ಎಲ್ಲವೂ ಎಂದಿನಂತೆಯೇ ನಡೆದಿದೆ ಎಂದೆ. ಕರಾರಿಗೆ ಅಷ್ಟು ನಿಯತ್ತಿನ ಉತ್ತರವನ್ನು ಯಾವ ವಕೀಲರೂ ಬರೆದುಕೊಡಲಾರರು.