ನಿದ್ದೆಯ ಬಾಡಿಗೆ

ಸಿಂಗಸಂದ್ರದ ಪಿಳ್ಳಪ್ಪನವರು ಬಾಡಿಗೆಗೆ ಮನೆ ಕೇಳಿ ಬಂದವರನ್ನು ಮೊದಲು ಕಣ್ಣು ಮುಚ್ಚಿಸಿ, ಸದ್ದು ಆಲಿಸಲು ನಿಲ್ಲಿಸುತ್ತಿದ್ದರು. ಅವರ ವಠಾರದಲ್ಲಿ ಹೊಸೂರು ರಸ್ತೆಯ ಕಡೆಗಿದ್ದ ಮನೆಗಳಲ್ಲಿ ಲಾರಿ ಹೋದಾಗಲೆಲ್ಲ ಪಾತ್ರೆಗಳು ಕುಣಿಯುತ್ತಿದ್ದವು. ಹಿತ್ತಲ ಕಡೆಯವುಗಳಲ್ಲಿ ಗುಬ್ಬಚ್ಚಿಯ ದನಿಯೂ ಕೇಳುತ್ತಿತ್ತು. ಹಿತ್ತಲಿಗೆ ನೂರು ರೂಪಾಯಿ ಹೆಚ್ಚು. "ಆ ನೂರು ಗೋಡೆಗಲ್ಲ ಸಾರ್, ನಿದ್ದೆಗೆ" ಎನ್ನುವರು. ಯಾರಾದರೂ ಚೌಕಾಸಿಗಿಳಿದರೆ, "ಒಂದಿನ ಮುಂದ್ಗಡೆ ಮಲಗೆದ್ದು ಆಮೇಲೆ ನೀವೇ ರೇಟು ಹೇಳಿ" ಎಂದು ನಗುವರು. ಅಂಥ ಪಿಳ್ಳಪ್ಪನವರು, ರಸ್ತೆ ಕಡೆಯ ಮನೆಯಲ್ಲಿದ್ದ ಶಶಿಕಲಾ ಬಾಣಂತನ ಮುಗಿಸಿ ಕೂಸಿನೊಂದಿಗೆ ಬಂದ ದಿನ ತಾವು ವಾಸವಿದ್ದ ಹಿತ್ತಲ ಕಡೆಯ ಮನೆಯನ್ನೇ ಅವಳಿಗೆ ಬಿಟ್ಟುಕೊಟ್ಟು, ಹೆಂಡತಿಯೊಡನೆ ಶಶಿಕಲಾಳ ಮನೆಗೆ ಬಂದುಬಿಟ್ಟರು. "ಎಷ್ಟು ಜಾಸ್ತಿ ಕೊಡ್ಲಿ ಯಜಮಾನ್ರೇ?" ಎಂದು ಅವಳು ಕೇಳಿದಳು. "ಏನೂ ಬ್ಯಾಡ ಕಣಮ್ಮ. ಆ ಮನೇಲಿ ಇದುವರ್ಗೂ ಒಂದು ಮಗು ಅತ್ತಿದ್ದಿಲ್ಲ. ಈಗ ಅಳ್ಲಿ, ನಾವಿಬ್ರೂ ಬಂದು ಕೇಳ್ತೀವಿ."