ಚೌಕಟ್ಟಿನ ಮೇಲಿನ ಕಚ್ಚು

ಕಾಕು ಆ ಮಾತನ್ನು ನಿಜವಾಗಿ ಹೇಳಿದ್ದರೋ, ಆಮೇಲೆ ನಾನೇ ಕಟ್ಟಿಕೊಂಡೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹೇಳಿದ್ದರೆ ಯಾವಾಗ? ನಾನು ಫಾರ್ಮು ತುಂಬುವುದಕ್ಕೆ ಮೊದಲೋ, ಅವರ ಸಹಿ ಬಿದ್ದ ಮೇಲೋ? ಅವರ ಮನೆ ಹೋದದ್ದರಲ್ಲಿ ನನ್ನ ಪಾಲು ಎಷ್ಟು ಎಂಬುದು ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಹಾಗಾಗಿ ಈ ವಿಷಯದಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ.

ಹೋದ ತಿಂಗಳು, ನಾನು ಈಗಿರುವ ಮೂಡಲಗಿಯಲ್ಲಿ, ನಮ್ಮ ಹೊಸ ಮನೆಯ ಪಾಯದ ಕೆಲಸ ನಡೆದಿತ್ತು. ಗವಂಡಿಯ ಟೇಪಿನ ಸ್ಪ್ರಿಂಗು ಮುರಿದಿತ್ತು. ನಾನು ಬಾಡಿಗೆ ಮನೆಯ ಕಪಾಟಿನಿಂದ ಹಳದಿ ಬಣ್ಣದ ಬಟ್ಟೆಯ ಟೇಪೊಂದನ್ನು ತಂದುಕೊಟ್ಟೆ. ಸುರುಳಿ ಬಿಚ್ಚಿದಾಗ ಹೊಲಿಗೆ ಮಿಶಿನ್ನಿನ ಎಣ್ಣೆಯ ವಾಸನೆ ಬಂತು. ಇಷ್ಟು ವರ್ಷಗಳ ಮೇಲೂ ವಾಸನೆ ಉಳಿಯುತ್ತದೆಯೇ... ಉಳಿದಿತ್ತು ಎಂದೇ ಅನ್ನಿಸಿತು.

"ಇದು ಟೇಲರ್ ಟೇಪ್ ಅಲ್ರಿ ಸರ? ಮನಿಗೆ ಕುಬಸಾ ಹೊಲಸವ್ರೇನ್ರಿ?" ಎಂದು ಗವಂಡಿ ನಕ್ಕ. ನನಗೆ ನಗಲಾಗಲಿಲ್ಲ. ಆ ಟೇಪು ಕಾಕುವಿನದು.

ಕಾಕು ನಮಗೆ ಸಂಬಂಧಿಕರಲ್ಲ. ಗೋಕಾಕದಲ್ಲಿ ಹೊಳೆಯ ಕಡೆಗೆ ಇಳಿಯುವ ನಮ್ಮ ಓಣಿಯಲ್ಲಿ ಕುಬಸ, ಲಂಗ ಹೊಲಿದುಕೊಡುತ್ತಿದ್ದರು. ಗಂಡ ತೀರಿದ ಮೇಲೆ ಮಿಶಿನ್ನೇ ಅವರ ಜೀವನವಾಗಿತ್ತು. ಗಿರಾಕಿಗಳ ಅಳತೆಯನ್ನು ಎಲ್ಲೂ ಬರೆದಿಡುತ್ತಿರಲಿಲ್ಲ, ಎಲ್ಲ ತಲೆಯಲ್ಲೇ. ನಮ್ಮ ಅವ್ವನಿಗೆ, "ಹೋದ ದೀಪಾವಳಿಗಿಂತ ಎರಡ ಇಂಚ ಜಾಸ್ತಿ ಆಗೀರಿ ನೋಡ್ರಿ, ಮಗಾ ಪಗಾರ ಕಳಸಾಕತ್ತಾನೇನ?" ಎಂದು ಎಲ್ಲರೆದುರಿಗೇ ಹೇಳಿಬಿಡುತ್ತಿದ್ದರು.

ಕಾಕುವಿನ ಮಾವನ ಮನೆ ಪಾಲಾದಾಗ ಮೇಲಿನ ದೊಡ್ಡ ಮನೆ ಅವರ ಮೈದುನನಿಗೆ ಹೋಯಿತು, ಹಿಂದಿನ ಹಿತ್ತಲು ಕಾಕುವಿಗೆ ಬಂತು. ಹಿತ್ತಲೆಂದರೆ ಹೊಳೆಯ ಕಡೆಗಿನ ಇಳಿಜಾರು. ಮೈದುನ ಹಳೆಯ ತೇಗದ ಚೌಕಟ್ಟು ಕಿತ್ತು ಕಲ್ಲಿನದು ಕೂಡಿಸುವವನಿದ್ದ. ಕಾಕು ಆ ಚೌಕಟ್ಟನ್ನು ಕೇಳಿ ಪಡೆದರು. ಮದುವೆಯಾಗಿ ಬಂದಾಗ ಅದರೊಳಗಿಂದಲೇ ಕಾಲಿಟ್ಟದ್ದು ಎಂದರು. ಮಣ್ಣಿನ ಗಾರೆಯ ಕಲ್ಲುಗೋಡೆಯ ಎರಡು ಕೋಣೆ ಕಟ್ಟಿಸಿ, ಮುಂದಿನ ಬಾಗಿಲಿಗೆ ಅದನ್ನೇ ನಿಲ್ಲಿಸಿದರು. ಚೌಕಟ್ಟು ನಿಲ್ಲಿಸಿದ ಪೂಜೆಯ ದಿನ ಸಕ್ಕರೆ ಹಂಚಿದವರಲ್ಲಿ ನಾನೂ ಒಬ್ಬ.

ಚೌಕಟ್ಟಿನ ಬಲಗಡೆಯ ಕಂಬದಲ್ಲಿ ಒಂದು ಕಚ್ಚು ಇತ್ತು. ಹಿಂದೊಮ್ಮೆ ಹೊಳೆ ಊರೊಳಗೆ ಬಂದಾಗ, ನೀರು ಇಳಿದ ಮರುದಿನ ಅವರ ಮಾವ ಉಳಿ ಹಿಡಿದು ನೀರು ನಿಂತ ಮಟ್ಟಕ್ಕೆ ಹಾಕಿದ ಗುರುತು. ಹೊಸ್ತಿಲಿನಿಂದ ಒಂದು ಗೇಣು. ಪ್ರತಿ ಹಬ್ಬಕ್ಕೆ ಕಾಕು ಅದಕ್ಕೂ ಅರಿಶಿನ ಹಚ್ಚುತ್ತಿದ್ದರು.

ಆಗ ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಅಲ್ಲೇ ಒಂದು ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ್ದೆ. ಬೇಸಿಗೆಯ ರಜೆಗೆ ಊರಿಗೆ ಬಂದಾಗ ವಿಮೆಯ ಏಜೆಂಟರೊಬ್ಬರು ಓಣಿಯಲ್ಲಿ ಮನೆ ವಿಮೆಯ ಫಾರ್ಮು ಹಂಚಿ ಹೋಗಿದ್ದರು. ಫಾರ್ಮು ಇಂಗ್ಲಿಷಿನಲ್ಲಿತ್ತು. ಕಾಕು ನನ್ನನ್ನು ಕರೆಸಿದರು. ಹಿಂದೆ ಮನೆಗೆ ಪ್ರವಾಹದ ನೀರು ಬಂದಿದೆಯೇ, ಬಂದಿದ್ದರೆ ಎಷ್ಟು ಎತ್ತರ ಎಂದು ಒಂದು ಪ್ರಶ್ನೆ. ಪ್ರವಾಹದ ರಕ್ಷಣೆ ಬೇಕೋ ಬೇಡವೋ ಎಂದು ಅದರ ಕೆಳಗೊಂದು ಖಾನೆ. ಬೇಡವೆಂದರೆ ಕಂತು ಕಡಿಮೆ.

"ಕಾಕು, ಟೇಪ್ ಕೊಡ್ರಿ," ಎಂದೆ.

"ಎದಕ್ಕೋ? ಹೊಸ್ತಿಲಿಗೆ ಲಂಗಾ ಹೊಲೀತೀ?"

ಹೊಸ್ತಿಲಿನಿಂದ ಕಚ್ಚಿನವರೆಗೆ ಟೇಪು ಹಿಡಿದೆ. ಒಂಬತ್ತು ಇಂಚು. ದೇವರನ್ನು, ಜಾತಕವನ್ನು, ಪತ್ರಿಕೆಯ ಅಂಕಿಅಂಶವನ್ನು ನಂಬದ ನಾನು ಆ ಕಚ್ಚನ್ನು ನಂಬಿದೆ. ಯಾಕೆಂದರೆ ಅದು ಕಣ್ಣಿಗೆ ಕಾಣುವ, ಕೈಯಿಂದ ಅಳೆಯಬಹುದಾದ ಸಾಕ್ಷಿ. ಮಾವನ ಇಡೀ ಆಯುಷ್ಯದಲ್ಲಿ ಒಂದು ಸಲ, ಅದೂ ಒಂಬತ್ತು ಇಂಚು. ಫಾರ್ಮಿನ ಬೆನ್ನಿಗೆ ಏನೋ ಲೆಕ್ಕ ಹಾಕಿ ತೋರಿಸಿದ್ದೂ ನೆನಪಿದೆ.

"ಪ್ರವಾಹದ್ದು ಬ್ಯಾಡ ಕಾಕು. ಬೆಂಕೀದು ಇರ್ಲಿ."

"ನೀ ಓದಿದಾವ ಅದೀ, ನೀ ಅಂದಿದ್ದ ಖರೆ," ಎಂದರು. ಆಮೇಲೆ ಒಳಗೆ ಚಹಾ ಸೋಸುತ್ತ, ನನಗೆ ಬೆನ್ನು ಮಾಡಿ, "ಆದ್ರ ಆ ಕಚ್ಚ ಮ್ಯಾಲಿನ ಮನೀದಪಾ, ಈ ಮನೀದಲ್ಲ..." ಎಂದರು.

ಅಂದರೋ? ಆ ಧ್ವನಿ ಈಗಲೂ ಕೇಳಿಸುತ್ತದೆ. ಚಹಾದ ಬಟ್ಟಲು ಎಡಗೈಯಲ್ಲಿತ್ತು ಎನ್ನುವುದೂ ಕಾಣುತ್ತದೆ. ಆದರೆ ಅಷ್ಟು ಸ್ಪಷ್ಟವಾಗಿ ಕಾಣುವುದೇ ನನಗೆ ಅನುಮಾನ. ಅವರಿಗೆ ಅದು ಗೊತ್ತಿದ್ದರೆ ಮುಂದೆ ಹಾಗೇಕೆ ನಡೆದುಕೊಂಡರು? ಹೇಳಿಯೂ ನನ್ನ ಅಳತೆಯನ್ನೇ ಮೇಲು ಎಂದುಕೊಂಡರೇ?

ಟೇಪನ್ನು ಮರೆತು ಜೇಬಿನಲ್ಲೇ ಇಟ್ಟುಕೊಂಡು ಧಾರವಾಡಕ್ಕೆ ಹೋದೆ. ಮುಂದೆ ಕಾಕು ಮಿಶಿನ್ನಿಗೆಂದು ಒಳಗೆ ಕಲ್ಲಿನ ಕಟ್ಟೆ ಕಟ್ಟಿಸಿದರು. ಎತ್ತರ ಎರಡು ಗೇಣು. ಕಚ್ಚಿನ ಮಟ್ಟಕ್ಕೆ ಒಂದು, ಧೈರ್ಯಕ್ಕೆ ಇನ್ನೊಂದು.

ಕೆಲವು ವರ್ಷಗಳ ಮೇಲೆ ಒಂದು ಶ್ರಾವಣದಲ್ಲಿ ಹೊಳೆ ಬಂತು. ನಾನು ಊರಲ್ಲಿರಲಿಲ್ಲ, ಇದು ಅವ್ವ ಹೇಳಿದ್ದು. ಮಧ್ಯಾಹ್ನ ಆಟೋದಲ್ಲಿ ಮೈಕು ಕಟ್ಟಿಕೊಂಡು, ಹೊಳೆಯ ದಂಡೆಯ ಮನೆಯವರು ಖಾಲಿ ಮಾಡಬೇಕು ಎಂದು ಕೂಗುತ್ತ ಹೋದರು. ಅವ್ವ ಕಾಕುವಿನ ಮನೆಗೆ ಓಡಿಹೋಗಿ, "ನಾಕ ಮಂದೀನ ಕರಿತೇನಿ, ಮಿಶಿನ್ ಮ್ಯಾಲ ಒಯ್ಯೂಣ ನಡೀರಿ," ಎಂದಳಂತೆ.

"ಎದಕ್ರಿ? ನಿಮ್ಮ ಮಗಾನ ಟೇಪ್ ಹಿಡದ ಅಳದಾನ. ಬಂದ್ರ ಒಂದ ಗೇಣ ನೀರ. ಕಟ್ಟೀನೂ ಏರೂದಿಲ್ಲ."

ಗಿರಾಕಿಗಳ ಬಟ್ಟೆಯನ್ನು ಮಾತ್ರ ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ತಂದರಂತೆ. ಮಂದಿಯ ಅರಿವೆ ತೊಯ್ಯಬಾರದು ಎಂದು.

ನೀರು ಇಳಿದ ಮೇಲೆ ನಾನು ಹೋದೆ. ಗೋಡೆಗಳು ಇರಲಿಲ್ಲ. ಕೆಸರಿನ ನಡುವೆ ಚೌಕಟ್ಟೊಂದೇ ನಿಂತಿತ್ತು, ಸುತ್ತ ಎಲ್ಲಿಂದ ಬೇಕಾದರೂ ಒಳಗೆ ಹೋಗಬಹುದಾದ ಜಾಗಕ್ಕೆ ಒಂದು ಬಾಗಿಲು. ಕೆಸರಿನ ಕಲೆ ಮೇಲಿನ ಅಡ್ಡಪಟ್ಟಿಗೆ ನಾಲ್ಕು ಬೆರಳು ಕಡಿಮೆ ಇತ್ತು. ಕಚ್ಚು ಎಲ್ಲೋ ಕೆಳಗೆ, ಕಾಲಿನ ಹತ್ತಿರ. ಮಿಶಿನ್ನಿನ ಗಾಲಿ ಕಲ್ಲುಗಳಡಿಯಲ್ಲಿ ಎರಡು ತುಂಡಾಗಿತ್ತು. ಮೇಲಿನ ಮನೆಯಲ್ಲಿ ಎಷ್ಟು ನೀರು ಬಂದಿತ್ತು ಎಂದು ಮೈದುನನನ್ನು ಕೇಳಿದೆ. "ಒಂದ ಗೇಣ ನೋಡ್ರಿ," ಎಂದ.

ಕಚ್ಚು ಸುಳ್ಳು ಹೇಳಿರಲಿಲ್ಲ. ಅದು ತನ್ನ ಮನೆಯ ಮಾತು ಹೇಳಿತ್ತು. ಚೌಕಟ್ಟು ಕೆಳಗಿಳಿದು ಬಂದದ್ದು ನನಗೆ ಗೊತ್ತಿತ್ತು, ಕಚ್ಚು ಅದರ ಮೇಲಿದೆ ಎಂಬುದೂ ಗೊತ್ತಿತ್ತು. ಆ ಎರಡನ್ನೂ ನಾನು ಕೂಡಿಸಲೇ ಇಲ್ಲ.

ವಿಮೆಯ ಕಡೆಯಿಂದ ಬಂದವರು ಕಾಗದ ತಿರುವಿ, "ಗ್ವಾಡಿ ಬಿದ್ದಿದ್ದು ಹೊಳಿ ನೀರಿಂದ ಅಲ್ರಿ ಬಾಯಾರ? ಅದನ್ನ ಬ್ಯಾಡ ಅಂತ ಬರದೀರಿ," ಎಂದರು. ಕಾಕು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು. ಅಕ್ಷರ ನನ್ನದಾಗಿತ್ತು.

ಅವರು ಯಮಕನಮರಡಿಯ ತಂಗಿಯ ಮನೆಗೆ ಹೋದರು. ಒಂದು ಸಲ ಟೇಪು ಮರಳಿಸುವ ನೆಪದಲ್ಲಿ ಹೋಗಿ ಕಂಡೆ. ಪಡಸಾಲೆಯಲ್ಲಿ ಕೂತು ಸೀರೆಯ ಅಂಚಿಗೆ ಕೈಹೊಲಿಗೆ ಹಾಕುತ್ತಿದ್ದರು.

"ಬಾರೋ ಕಳ್ಳಾ, ಟೇಪ್ ತಂದೀ?" ಎಂದು ನಕ್ಕರು. ಆಮೇಲೆ ನನ್ನ ಮುಷ್ಟಿಯನ್ನೇ ಮುಚ್ಚಿ ಹಿಂದಕ್ಕೆ ತಳ್ಳಿದರು. "ಇಟ್ಕೋ. ಈಗ ನಾ ಯಾರನ್ನ ಅಳೀಲಿ?"

ಬಹಳ ಹೊತ್ತಿನ ಮೇಲೆ ಕೇಳಿಯೇಬಿಟ್ಟೆ. "ಕಾಕು, ಅವತ್ತ ಕಚ್ಚ ಮ್ಯಾಲಿನ ಮನೀದು ಅಂತ ನನಗ ಹೇಳಿದ್ರೇನ?"

ಅವರು ದಾರ ಕಡಿದರು. "ಹೇಳಿದ್ನೋ ಇಲ್ಲೋ... ಹೇಳೂದೇನಿತ್ತೋ ತಮ್ಮಾ? ಚೌಕಟ್ಟ ನಿಲ್ಲಿಸಿದ ದಿನಾ ಸಕ್ರಿ ಹಂಚಿದಾವ ನೀನ ಅಲ್ಲೇನ?"

ಅದು ಬೈಗುಳವಾಗಿರಲಿಲ್ಲ. ಊಟ ಮಾಡಿಯೇ ಹೋಗು ಎಂದು ಕೂಡಿಸಿದರು. ಎರಡು ಮಳೆಗಾಲ ಕಳೆಯುವುದರೊಳಗೆ ಅಲ್ಲೇ ತೀರಿಕೊಂಡರು. ನನಗೆ ಸುದ್ದಿ ತಡವಾಗಿ ಮುಟ್ಟಿತು, ಮಣ್ಣಿಗೆ ಹೋಗಲಾಗಲಿಲ್ಲ.

ಈಗ ನನ್ನ ಮನೆಯ ವಿಮೆಯ ಫಾರ್ಮು ಮೇಜಿನ ಮೇಲಿದೆ. ಹಿಂದೆ ನೀರು ಬಂದಿತ್ತೇ ಎಂಬ ಅದೇ ಪ್ರಶ್ನೆ. ನಿವೇಶನ ಮಾರಿದವರು ಬಂದಿಲ್ಲ ಎಂದರು. ನಾನು ತಗ್ಗಿನ ಕಡೆಯ ಮನೆಮನೆಗೂ ಹೋಗಿ ಮುದುಕಿಯರನ್ನು ಕೇಳಿದೆ, ಅವರು ತೋರಿಸಿದ ಮಟ್ಟವನ್ನು, ಗವಂಡಿಯಿಂದ ಮಟ್ಟ ನೋಡುವ ನೀರಿನ ಪೈಪು ಹಿಡಿಸಿ, ನನ್ನ ಪಾಯಕ್ಕೆ ತಾಳೆ ನೋಡಿದೆ. ಪ್ರವಾಹದ ಖಾನೆಯಲ್ಲಿ ಬೇಕು ಎಂದು ಬರೆದೆ. ಬರೆದ ಮೇಲೂ ಮನಸ್ಸು ತಡೆಯಲಿಲ್ಲ. ಭಾನುವಾರ ಗವಂಡಿಯನ್ನು ಕರೆದುಕೊಂಡು ಗೋಕಾಕಕ್ಕೆ ಹೋದೆ.

ಚೌಕಟ್ಟನ್ನು ಯಾರೋ ಒಯ್ದಿದ್ದರು. ಹೊಸ್ತಿಲಿನ ಜಾಗ ಹುಲ್ಲಿನೊಳಗೆ ಉಳಿದಿತ್ತು. "ಬಿದ್ದ ಮನೀನ ಏನ ಅಳೀತೀರಿ?" ಎಂದ ಮೈದುನ, ಆದರೂ ಪೈಪಿನ ಒಂದು ತುದಿಯನ್ನು ತನ್ನ ಹೊಸ್ತಿಲಿಗೆ ತಾನೇ ಹಿಡಿದ. ಕೆಳಗೆ ಗವಂಡಿ ಕೋಲು ನೆಟ್ಟು, ಪೈಪಿನ ನೀರು ನಿಂತಲ್ಲಿ, ಅಂದರೆ ಮೇಲಿನ ಹೊಸ್ತಿಲಿನ ಮಟ್ಟಕ್ಕೆ, ಗುರುತು ಹಾಕಿದ. ಕಾಕು ಅವತ್ತು ಏನು ಹೇಳಿದರು ಎಂಬುದನ್ನು ಯಾವ ಪೈಪೂ ಅಳೆಯುವುದಿಲ್ಲ. ಈ ಇಳಿತವೊಂದನ್ನು ಅಳೆಯಬಹುದಿತ್ತು, ಅವತ್ತೂ ಅಳೆಯಬಹುದಿತ್ತು. ಕಾಕುವಿನ ಹೊಸ್ತಿಲಿನಿಂದ ಆ ಗುರುತಿನವರೆಗೆ ಅವರದೇ ಟೇಪು ಹಿಡಿದೆ. ಅರವತ್ತು ಇಂಚಿಗೆ ಟೇಪು ಮುಗಿಯಿತು. ಗುರುತು ಅದಕ್ಕೂ ಎರಡು ಇಂಚು ಮೇಲಿತ್ತು.